ಬೆಂಗಳೂರಲ್ಲಿ ಹಿಡಿಸಿದ ಮೆಮೊರಿ ಫೋಮ್ ಹಾಸಿಗೆ ಕುಂದಾಪುರಕ್ಕೆ ಆಗುತ್ತಾ?

ಪ್ರಶ್ನೆ: ನನಗೆ 51 ವರ್ಷ, ತೂಕ 61 ಕಿಲೋ. ಊರು ಕುಂದಾಪುರ. ಒಂದೂವರೆ ವರ್ಷದಿಂದ ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ. ಎದ್ದು ಕಾಫಿ ಕುಡಿದು, ಅಂಗಳ ಗುಡಿಸಿ ಬರುವಾಗ ಕಷ್ಟ. ತಿಂಡಿ ಹೊತ್ತಿಗೆ ತಾನಾಗಿ ಸಡಿಲವಾಗುತ್ತದೆ. ಎಕ್ಸ್‌ರೇ ನೋಡಿದ ಡಾಕ್ಟರು ವಯಸ್ಸಿನ ಸವೆತ ಅಷ್ಟೇ, ಗಟ್ಟಿ ಹಾಸಿಗೆಯಲ್ಲಿ ಮಲಗಿ ಅಂದರು. ಎರಡು ತಿಂಗಳು ಬರೀ ಮಂಚದ ಹಲಗೆ ಮೇಲೆ ಚಾಪೆ ಹಾಕಿ ಮಲಗಿದೆ. ಸೊಂಟ ಹಾಗೇ ಇದೆ, ಮಗ್ಗುಲಾಗಿ ಮಲಗುವ ಅಭ್ಯಾಸ ನನಗೆ, ಈಗ ಭುಜವೂ ನೋಯುತ್ತಿದೆ. ಡಿಸೆಂಬರಿನಲ್ಲಿ ಬೆಂಗಳೂರಿನ ಮಗಳ ಮನೆಯಲ್ಲಿ ಹತ್ತು ದಿನ ಇದ್ದೆ. ಅವಳದ್ದು ಮೆಮೊರಿ ಫೋಮ್ ಹಾಸಿಗೆ. ಅಲ್ಲಿ ನೋವೇ ಗೊತ್ತಾಗಲಿಲ್ಲ. ಅವಳು ಅಂಥದ್ದೇ ಎರಡು ಆರ್ಡರ್ ಮಾಡುತ್ತೇನೆ ಅಂತಾಳೆ, ಒಂದು ನಮಗೆ, ಒಂದು ಅತ್ತೆಯವರಿಗೆ. ಅತ್ತೆಗೆ 78, ಮಂಡಿನೋವು. ನಮ್ಮ ಯಜಮಾನರು 94 ಕಿಲೋ, ಸೆಕೆ ತಡೆಯೋದಿಲ್ಲ, ಮನೆಯಲ್ಲಿ ಎಸಿ ಇಲ್ಲ. ಸ್ಪಂಜಿನ ಮೇಲೆ ಮಲಗಿದರೆ ಬೆನ್ನು ಹಾಳಾಗುತ್ತದೆ ಅಂತ ಅವರ ವಾದ. ಮಗಳು ಹೆರಿಗೆಗೆ ಇಲ್ಲಿಗೇ ಬರುವವಳು, ಮಗುವನ್ನೂ ಅದರ ಮೇಲೆ ಮಲಗಿಸಬಹುದಾ? ಈ ಫೋಮಿನಲ್ಲಿ ಕೆಮಿಕಲ್ ಇದೆ, ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪಲ್ಲಿ ಓದಿದ್ದೇನೆ. ಈಗಿರೋದು 11 ವರ್ಷ ಹಳೆಯ ನಾರಿನ ಹಾಸಿಗೆ.

ಉತ್ತರ:

ಮೊದಲೇ ಹೇಳಿಬಿಡುತ್ತೇನೆ, ಎರಡು ಹಾಸಿಗೆ ಒಟ್ಟಿಗೆ ಆರ್ಡರ್ ಮಾಡಬೇಡಿ. ನಿಮಗೆ ಮೆಮೊರಿ ಫೋಮ್ ಹೊಂದುವ ಸಾಧ್ಯತೆ ಇದೆ, ಆದರೆ ಮಗಳ ಮನೆಯಲ್ಲಿದ್ದಂಥದ್ದೇ ಬೇಕು ಅಂತಿಲ್ಲ. ಯಜಮಾನರಿಗೆ ಹೊಂದೋದು ಕಷ್ಟ. ಅತ್ತೆಯವರಿಗೆ ಬೇಡ. ಮಗುವಿಗಂತೂ ಖಂಡಿತ ಬೇಡ. ನಾನು ಫಿಸಿಯೋಥೆರಪಿಸ್ಟ್, ದಿನಾ ಬೆನ್ನುನೋವಿನವರನ್ನು ನೋಡುವವನು. ಹಾಸಿಗೆ ಬದಲಾಯಿಸಿ ಆರಾಮಾದವರೂ ಇದ್ದಾರೆ, ಇಪ್ಪತ್ತು ಸಾವಿರ ಕೊಟ್ಟು ತಂದ ಹಾಸಿಗೆಯನ್ನು ಅತಿಥಿಗಳ ಕೋಣೆಗೆ ತಳ್ಳಿ ಮತ್ತೆ ನಮ್ಮ ಹತ್ತಿರ ಬಂದವರೂ ಇದ್ದಾರೆ.

ನಿಮ್ಮ ನೋವಿಗೆ ಕಾರಣ ಹಾಸಿಗೆಯೇ ಅಂತ ಇನ್ನೂ ಗೊತ್ತಾಗಿಲ್ಲ. ಬೆಳಿಗ್ಗೆ ಸೊಂಟ ಬಿಗಿದಿರುವುದಕ್ಕೆ ಬೇರೆ ಕಾರಣವೂ ಇದೆ. ಬೆನ್ನುಮೂಳೆಗಳ ನಡುವೆ ಇರುವ ಡಿಸ್ಕ್‌ಗಳು ಹಗಲಿಡೀ ಮೈಭಾರ ಹೊತ್ತು ಒಳಗಿನ ನೀರು ಕಳಕೊಂಡು ತೆಳ್ಳಗಾಗುತ್ತವೆ, ರಾತ್ರಿ ಮಲಗಿದಾಗ ಮತ್ತೆ ನೀರು ಎಳಕೊಂಡು ಉಬ್ಬುತ್ತವೆ. ಅದಕ್ಕೇ ಬೆಳಿಗ್ಗೆ ಅಳೆದರೆ ನಮ್ಮ ಎತ್ತರ ರಾತ್ರಿಗಿಂತ 1 ರಿಂದ 2 ಸೆಂಟಿಮೀಟರ್ ಜಾಸ್ತಿ ಇರುತ್ತದೆ. ಹೀಗೆ ಉಬ್ಬಿ ಬಿಗಿದಿರುವ ಹೊತ್ತಿನಲ್ಲಿ ಬಗ್ಗಿದರೆ ಡಿಸ್ಕ್ ಮೇಲೆ, ಅದರ ಸುತ್ತಲಿನ ನಾರುಗಳ ಮೇಲೆ ಎಳೆತ ಜಾಸ್ತಿ ಬೀಳುತ್ತದೆ. ಎದ್ದ ಮೊದಲ ಒಂದೆರಡು ಗಂಟೆ ಸೊಂಟ ಬಗ್ಗಿಸುವುದನ್ನು ತಪ್ಪಿಸಿದರೆ ಹಳೇ ಸೊಂಟನೋವು ಕಡಿಮೆಯಾಗುತ್ತದೆ ಅಂತ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಅದಕ್ಕೆ ಅವರು ಹಾಸಿಗೆ ಬದಲಾಯಿಸಲಿಲ್ಲ, ಮಾತ್ರೆ ಕೊಡಲಿಲ್ಲ, ಬಗ್ಗಬೇಡಿ ಅಂದರು ಅಷ್ಟೇ.

ಈಗ ನಿಮ್ಮ ಬೆಳಗು ನೋಡಿ. ಕಾಫಿ ಕುಡಿದ ಕೂಡಲೇ ಅಂಗಳ. ಹಿಡಿಸೂಡಿಗೆ ಉದ್ದದ ಹಿಡಿ ಇರೋದಿಲ್ಲ, ಸೊಂಟದಿಂದ ಪೂರ್ತಿ ಬಗ್ಗಿ, ಒಂದೇ ಕೈಯಲ್ಲಿ ಮೈ ತಿರುಗಿಸಿ ಗುಡಿಸಬೇಕು. ಬೆಂಗಳೂರಿನಲ್ಲಿ ಆ ಹತ್ತು ದಿನ ನೀವು ಅಂಗಳ ಗುಡಿಸಿರಲಿಕ್ಕಿಲ್ಲ, ಅಲ್ವಾ? ಬಾವಿಯಿಂದ ನೀರು ಸೇದಿರಲಿಕ್ಕಿಲ್ಲ, ಅತ್ತೆಯವರನ್ನು ಎಬ್ಬಿಸಿ ಕೂರಿಸಿರಲಿಕ್ಕಿಲ್ಲ. ಪ್ರಾಯಶಃ ಮಗಳು ಕಾಫಿಯನ್ನು ಕೈಗೇ ತಂದುಕೊಟ್ಟಿರುತ್ತಾಳೆ. ಹಾಗಾಗಿ ಆ ಹತ್ತು ದಿನದ ಪೂರ್ತಿ ಶ್ರೇಯ ಹಾಸಿಗೆಗೇ ಕೊಡೋದು ಸರಿಯಲ್ಲ.

ಪರೀಕ್ಷೆ ಸುಲಭ, ಖರ್ಚೂ ಇಲ್ಲ. ಮೂರು ವಾರ ಅಂಗಳ ಗುಡಿಸುವ ಕೆಲಸವನ್ನು ಸಂಜೆಗೆ ದಾಟಿಸಿ, ಇಲ್ಲವೇ ಹಿಡಿಸೂಡಿಗೆ ಉದ್ದದ ಕೋಲು ಕಟ್ಟಿಸಿ ನಿಂತೇ ಗುಡಿಸಿ. ಯಜಮಾನರು ಗುಡಿಸಿದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಏಳುವಾಗ ನೇರ ಎದ್ದು ಕೂರಬೇಡಿ, ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ಮಗ್ಗುಲಾಗಿ ಮಲಗುವಾಗ ಮಂಡಿಗಳ ನಡುವೆ ಒಂದು ದಿಂಬು ಇಡಿ. ಮತ್ತೆ ಬರೀ ಹಲಗೆ ಬಿಟ್ಟು ಹಾಸಿಗೆಗೆ ವಾಪಸ್ ಬನ್ನಿ, ಹಲಗೆ ಮೇಲಿದ್ದು ಭುಜಕ್ಕೆ ಶಿಕ್ಷೆ ಕೊಡುವುದರಲ್ಲಿ ಅರ್ಥ ಇಲ್ಲ. ಮೂರು ವಾರದಲ್ಲಿ ನೋವು ಅರ್ಧಕ್ಕೆ ಇಳಿದರೆ ಹಾಸಿಗೆಯ ದುಡ್ಡು ಉಳಿಯಿತು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಬೆಳಗಿನ ಬಿಗಿತ ದಿನಾ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಇದ್ದು, ಮಲಗಿದಷ್ಟೂ ಜಾಸ್ತಿಯಾಗಿ ಓಡಾಡಿದಷ್ಟೂ ಕಡಿಮೆಯಾಗುತ್ತಿದ್ದರೆ ಅದು ವಾತದ ಜಾತಿಯ ನೋವಾಗಿರಬಹುದು, ಮುಖ್ಯವಾಗಿ 45 ವರ್ಷಕ್ಕೆ ಮೊದಲೇ ಶುರುವಾದವರಲ್ಲಿ. ನಿಮ್ಮದು ಐವತ್ತರ ಹತ್ತಿರ ಶುರುವಾಗಿರೋದರಿಂದ ಆ ಸಾಧ್ಯತೆ ಕಡಿಮೆ, ಆದರೂ ಎದ್ದಾಗಿಂದ ಸಡಿಲವಾಗುವವರೆಗೆ ಎಷ್ಟು ನಿಮಿಷ ಆಗುತ್ತದೆ ಅಂತ ಗಡಿಯಾರ ನೋಡಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಯಾವ ಭಂಗಿಯಲ್ಲೂ ಕಡಿಮೆಯಾಗದ ರಾತ್ರಿ ನೋವು, ಸುಮ್ನೆ ತೂಕ ಇಳಿಯುವುದು, ಜ್ವರ, ಕಾಲಿನಲ್ಲಿ ಶಕ್ತಿ ಕಡಿಮೆಯಾಗುವುದು ಕಂಡರೆ ಹಾಸಿಗೆ ಅಂಗಡಿಗೆ ಹೋಗದೆ ಡಾಕ್ಟರ ಹತ್ತಿರ ಹೋಗಿ. ತೊಡೆಗಳ ಸಂದಿಯಲ್ಲಿ ಮರಗಟ್ಟಿದ ಹಾಗಾದರೆ, ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮರುದಿನಕ್ಕೆ ಕಾಯಬಾರದು.

ಇನ್ನು ಗಟ್ಟಿ ಹಾಸಿಗೆಯ ವಿಷಯ. ನಿಮ್ಮ ಡಾಕ್ಟರು ಹೇಳಿದ್ದು ಬಹಳ ಕಾಲದಿಂದ ಎಲ್ಲರೂ ಹೇಳುತ್ತಾ ಬಂದ ಮಾತು. 2003ರಲ್ಲಿ ಸ್ಪೇನ್ ದೇಶದಲ್ಲಿ ಹಳೇ ಸೊಂಟನೋವಿನ 313 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮ ಗಟ್ಟಿಯಲ್ಲಿ ಮಲಗಿದವರಿಗೇ ಹೆಚ್ಚು ಆರಾಮಾಯಿತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಗಿದೆ. ಅದಾಗಿ ಇಪ್ಪತ್ತು ವರ್ಷ ಕಳೆದರೂ ನಮ್ಮಲ್ಲಿ ಬೆನ್ನುನೋವು ಅಂದ ಕೂಡಲೇ ಹಲಗೆ ಮೇಲೆ ಮಲಗಿ ಅನ್ನೋದು ನಿಂತಿಲ್ಲ. ನಿಮ್ಮಂತೆ ಮಗ್ಗುಲಾಗಿ ಮಲಗುವವರಿಗೆ ಹಲಗೆ ಇನ್ನೂ ಕಷ್ಟ. ಭುಜ ಮತ್ತು ಸೊಂಟದ ಮೂಳೆ ಎರಡೇ ಕಡೆ ಇಡೀ ಭಾರ ಕೂರುತ್ತದೆ, ನಡು ಅಂತರದಲ್ಲಿ ಜೋತುಬೀಳುತ್ತದೆ. ಭುಜ ನೋಯದೆ ಇನ್ನೇನಾಗುತ್ತದೆ?

ಹಾಗಂತ ಯಜಮಾನರ ಮಾತು ಪೂರ್ತಿ ಸುಳ್ಳಲ್ಲ. ಹಾಸಿಗೆ ಅತಿ ಮೆತ್ತಗಿದ್ದರೆ ಮೈಯಲ್ಲಿ ಭಾರ ಜಾಸ್ತಿ ಇರುವ ಭಾಗ, ಅಂದರೆ ಕುಂಡಿ ಮತ್ತು ಹೊಟ್ಟೆ, ಹೂತುಹೋಗಿ ಬೆನ್ನು ಡೊಂಕಾಗುತ್ತದೆ. 61 ಕಿಲೋ ಇರುವ ನಿಮಗೆ ಮಧ್ಯಮ ಅನ್ನಿಸುವ ಹಾಸಿಗೆ 94 ಕಿಲೋ ಇರುವ ಅವರಿಗೆ ಮೆತ್ತಗೆ ಅನ್ನಿಸಿಯೇ ಅನ್ನಿಸುತ್ತದೆ. ಒಂದೇ ಹಾಸಿಗೆ, ಎರಡು ಅನುಭವ. ಮನೆಯಲ್ಲಿ ಈ ಜಗಳ ಮುಗಿಯದೇ ಇರೋದಕ್ಕೆ ಅದೇ ಕಾರಣ, ಇಬ್ಬರೂ ಸರಿ ಹೇಳುತ್ತಿರುತ್ತಾರೆ. ಅಂಗಡಿಯಲ್ಲಿ ಮಲಗಿ ನೋಡಲು ಬಿಟ್ಟರೆ ಹೀಗೆ ಮಾಡಿ: ಅಂಗಾತ ಹತ್ತು ನಿಮಿಷ ಮಲಗಿ, ಆಮೇಲೆ ಜೊತೆಗಿದ್ದವರು ನಿಮ್ಮ ಸೊಂಟದ ಕೆಳಗೆ ಅಂಗೈ ತೂರಿಸಲಿ. ಕೈ ಆರಾಮಾಗಿ ಆಚೆ ಈಚೆ ಓಡಾಡಿದರೆ ಹಾಸಿಗೆ ನಿಮಗೆ ಗಟ್ಟಿ. ಒಳಗೆ ಹೋಗಲೇ ಇಲ್ಲ ಅಂದರೆ ಮೆತ್ತಗೆ. ಸ್ವಲ್ಪ ಒತ್ತಿಕೊಂಡು ಹೋದರೆ ಸರಿಯಾಗಿದೆ. ಇಬ್ಬರೂ ಬೇರೆ ಬೇರೆ ಮಾಡಿ ನೋಡಿ.

ಮೆಮೊರಿ ಫೋಮ್ ಅಂದರೆ ಏನು ಅಂತ ಗೊತ್ತಾದರೆ ಉಳಿದದ್ದು ಸುಲಭ. ಇದೂ ಪಾಲಿಯುರೆಥೇನ್ ಸ್ಪಂಜೇ. 1966ರಲ್ಲಿ ಅಮೆರಿಕದ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ವಿಮಾನದ ಸೀಟಿಗೆ ಅಂತ ಇದನ್ನು ಮಾಡಿದರು, ಅಪಘಾತದ ಹೊಡೆತ ತಾಳಬೇಕು, ಗಂಟೆಗಟ್ಟಲೆ ಕೂತರೂ ನೋಯಬಾರದು ಅನ್ನೋದು ಉದ್ದೇಶ. ಹಾಸಿಗೆಯಾಗಿ ಪೇಟೆಗೆ ಬಂದದ್ದು ಆಮೇಲೆ, 1990ರ ದಶಕದಲ್ಲಿ. ಮಾಮೂಲಿ ಸ್ಪಂಜು ಒತ್ತಿದ ಕೂಡಲೇ ಪುಟಿಯುತ್ತದೆ. ಇದು ನಿಧಾನ. ಅಂಗೈ ಒತ್ತಿ ತೆಗೆದರೆ ಐದು ಬೆರಳಿನ ಗುರುತು ಕೆಲವು ಸೆಕೆಂಡು ಹಾಗೇ ನಿಂತು ಆಮೇಲೆ ಮೆಲ್ಲಗೆ ಮೇಲೇಳುತ್ತದೆ. ಭುಜ ಇದ್ದಲ್ಲಿ ಜಾಸ್ತಿ ತಗ್ಗಿ, ನಡು ಇದ್ದಲ್ಲಿ ಕಡಿಮೆ ತಗ್ಗಿ ಭಾರವನ್ನು ಹಂಚುತ್ತದೆ. ಪಕ್ಕದವರು ಹೊರಳಿದರೆ ನಿಮ್ಮ ಕಡೆ ಅಲುಗಾಟ ಗೊತ್ತಾಗುವುದಿಲ್ಲ. ಇಷ್ಟೂ ನಿಜ, ಜಾಹೀರಾತಿನ ಉತ್ಪ್ರೇಕ್ಷೆ ಅಲ್ಲ.

ಆದರೆ ಈ ಫೋಮು ಶಾಖಕ್ಕೆ ಮೆತ್ತಗಾಗುತ್ತದೆ, ತಂಪಿಗೆ ಗಟ್ಟಿಯಾಗುತ್ತದೆ. ಮೈಬಿಸಿ ತಾಗಿದ ಕಡೆ ತಗ್ಗೋದು ಅದರ ಗುಣವೇ. ಈಗ ಯೋಚಿಸಿ. ಡಿಸೆಂಬರಿನ ಬೆಂಗಳೂರಲ್ಲಿ ರಾತ್ರಿ 16 ಡಿಗ್ರಿ ಆಸುಪಾಸು. ಏಪ್ರಿಲ್, ಮೇ ತಿಂಗಳ ಕುಂದಾಪುರದಲ್ಲಿ ರಾತ್ರಿಯೂ 25–26ಕ್ಕಿಂತ ಕೆಳಗೆ ಇಳಿಯೋದು ಅಪರೂಪ. ಅದೇ ಕಂಪನಿಯ ಅದೇ ಹಾಸಿಗೆ ಇಲ್ಲಿಗೆ ಬಂದಾಗ ಮಗಳ ಮನೆಯಲ್ಲಿ ಇದ್ದುದಕ್ಕಿಂತ ಮೆತ್ತಗಿರುತ್ತದೆ. ನೀವು ಇಷ್ಟಪಟ್ಟ ಆ ಹದ ಇಲ್ಲಿ ಸಿಗುವುದಿಲ್ಲ. ಹಾಸಿಗೆ ಪರಿಚಯ ಮಾಡಿಸುವ ವೀಡಿಯೋಗಳಲ್ಲಿ ಇದನ್ನು ಹೇಳುವವರು ಕಡಿಮೆ, ಅವರ ಸ್ಟುಡಿಯೋದಲ್ಲಿ ಎಸಿ ಇರುತ್ತದಲ್ಲ.

ಎರಡನೆಯದು ಸೆಕೆ. ಮೈ ಹೂತು ಕೂರುವುದರಿಂದ ಫೋಮು ಮೂರು ಕಡೆಯಿಂದ ಸುತ್ತಿಕೊಳ್ಳುತ್ತದೆ, ಬೆವರು ಆರಲು ಗಾಳಿ ಬೇಕು, ಗಾಳಿ ಆಡುವುದಿಲ್ಲ. ಒಣ ಊರಿನಲ್ಲಾದರೆ ಫ್ಯಾನಿಗೆ ಬೆವರು ಆರಿಹೋಗುತ್ತದೆ. ನಿಮ್ಮಲ್ಲಿ ಗಾಳಿಯೇ ಒದ್ದೆ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ, ಫ್ಯಾನೂ ಇಲ್ಲದೆ ಇದರ ಮೇಲೆ ಮಲಗೋದು ಹೇಗಿರುತ್ತದೆ ಅಂತ ಯಜಮಾನರು ಸರಿಯಾಗೇ ಊಹಿಸಿದ್ದಾರೆ. ಮುಜುಗರ ಬೇಡ, ಇನ್ನೊಂದು ಮಾತು ಕೇಳುತ್ತೇನೆ: ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಹೊತ್ತಿಗೆ ಎಷ್ಟೋ ಹೆಂಗಸರಿಗೆ ರಾತ್ರಿ ಇದ್ದಕ್ಕಿದ್ದ ಹಾಗೆ ಮೈ ಬಿಸಿಯಾಗಿ ಬೆವರುತ್ತದೆ. ನಿಮಗೂ ಹಾಗಾಗುತ್ತಿದ್ದರೆ ದಪ್ಪ ಮೆಮೊರಿ ಫೋಮ್ ನಿಮ್ಮ ನಿದ್ದೆಯನ್ನೇ ಕೆಡಿಸಬಹುದು. ನಿದ್ದೆ ಕೆಟ್ಟರೆ ಮರುದಿನ ನೋವು ಜಾಸ್ತಿ ಅನ್ನಿಸುತ್ತದೆ. ಹಾಗಾದರೆ ಸೊಂಟಕ್ಕೆ ಅಂತ ತಂದ ಹಾಸಿಗೆ ಸೊಂಟಕ್ಕೇ ಮುಳುವು. ಕೂಲ್ ಜೆಲ್ ಹಾಕಿದ್ದು ಇದೆ ಅಂತಾರೆ. ಮಲಗಿದ ಕೂಡಲೇ ತಣ್ಣಗನಿಸುತ್ತದೆ, ನಿಜ. ಆದರೆ ಜೆಲ್ ಶಾಖವನ್ನು ಹೀರುತ್ತದೆ, ಎಲ್ಲಿಗೂ ಸಾಗಿಸುವುದಿಲ್ಲ. ಅದು ಬೆಚ್ಚಗಾದ ಮೇಲೆ ಉಳಿದ ರಾತ್ರಿಗೆ ಎಲ್ಲಾ ಒಂದೇ. ಅದಕ್ಕೆ ಎರಡು ಮೂರು ಸಾವಿರ ಜಾಸ್ತಿ ಕೊಡಬೇಡಿ.

ಹಾಗಾದರೆ ಏನು ಮಾಡೋದು? ಮೊದಲು ಈಗಿನ ನಾರಿನ ಹಾಸಿಗೆ ಪರೀಕ್ಷಿಸಿ. ಬೆಡ್‌ಶೀಟ್ ತೆಗೆದು, ಉದ್ದದ ನೇರ ಕೋಲೊಂದನ್ನು ಅಡ್ಡಲಾಗಿ ಇಟ್ಟು, ಮಲಗುವ ಜಾಗದಲ್ಲಿ ಕೋಲಿಗೂ ಹಾಸಿಗೆಗೂ ನಡುವೆ ಎಷ್ಟು ಅಂತರ ಇದೆ ಅಂತ ಸ್ಕೇಲಿನಲ್ಲಿ ಅಳೆಯಿರಿ. ಯಜಮಾನರು ಮಲಗುವ ಕಡೆ ತಗ್ಗು ಜಾಸ್ತಿ ಇರುತ್ತದೆ, ಬರೆದಿಟ್ಟುಕೊಳ್ಳಿ. ನಮ್ಮ ಕಡೆ ಕರ್ಲಾನ್ ಹಾಸಿಗೆ ಅಂತಲೇ ಕರೆಯುವ ಈ ರಬ್ಬರ್ ಹಾಕಿದ ತೆಂಗಿನ ನಾರಿನ ಹಾಸಿಗೆಗಳು ಕರಾವಳಿಗೆ ಚೆನ್ನಾಗೇ ಹೊಂದುತ್ತವೆ, ಗಾಳಿ ಆಡುತ್ತದೆ, ಸೆಕೆ ಕಡಿಮೆ. ಆದರೆ ವರ್ಷ ಹೋದ ಹಾಗೆ ನಾರು ಪುಡಿಯಾಗಿ ತಗ್ಗು ಬೀಳುತ್ತದೆ, ಒಮ್ಮೆ ಬಿದ್ದ ತಗ್ಗು ಮತ್ತೆ ಮೇಲೇಳುವುದಿಲ್ಲ. ಒಂದು ಇಂಚಿಗಿಂತ ಜಾಸ್ತಿ ತಗ್ಗಿದ್ದರೆ ಆ ಹಾಸಿಗೆಯ ಕಾಲ ಮುಗಿಯಿತು.

ತಗ್ಗು ಇಲ್ಲ, ಬರೀ ಗಟ್ಟಿ ಅಷ್ಟೇ ಅಂತಾದರೆ ನಾನು ಮೊದಲು ಹೇಳೋದು ಟಾಪರ್. ಹಾಸಿಗೆ ಮೇಲೆ ಹಾಸುವ ಒಂದೂವರೆ, ಎರಡು ಇಂಚಿನ ಮೆಮೊರಿ ಫೋಮ್ ಪದರ ಅದು, ಸಿಂಗಲ್ ಅಳತೆಯಲ್ಲೂ ಸಿಗುತ್ತದೆ. ನಿಮ್ಮ ಅರ್ಧಕ್ಕೆ ಮಾತ್ರ ಹಾಕಿಕೊಳ್ಳಿ, ಯಜಮಾನರು ತಮ್ಮ ಗಟ್ಟಿ ಅರ್ಧದಲ್ಲೇ ಇರಲಿ. ನಡುವೆ ಎರಡು ಇಂಚಿನ ಮೆಟ್ಟಿಲು ಬರುತ್ತದೆ, ನೋಡಲು ಚೆಂದ ಇರೋದಿಲ್ಲ, ಇಬ್ಬರೂ ನಿದ್ದೆ ಮಾಡುತ್ತೀರಲ್ಲ. ಎರಡೇ ಇಂಚಾದ್ದರಿಂದ ಮೈ ಪೂರ್ತಿ ಹೂಳುವುದಿಲ್ಲ, ಸೆಕೆಯೂ ಅಷ್ಟು ಆಗುವುದಿಲ್ಲ. ಏಪ್ರಿಲಲ್ಲಿ ತಡೆಯೋಕಾಗದಿದ್ದರೆ ಸುತ್ತಿ ಎತ್ತಿಡಬಹುದು. ತಗ್ಗು ಬಿದ್ದ ಹಾಸಿಗೆಯ ಮೇಲೆ ಮಾತ್ರ ಟಾಪರ್ ಹಾಕಬೇಡಿ, ಅದೂ ತಗ್ಗಿಗೇ ಇಳಿಯುತ್ತದೆ.

ಹಾಸಿಗೆಯೇ ಬದಲಾಗಬೇಕು ಅಂತಾದರೆ, ಇಬ್ಬರಿಗೂ ಸೇರಿ ಲ್ಯಾಟೆಕ್ಸ್ ಹಾಸಿಗೆ ನೋಡಿ ಅನ್ನುತ್ತೇನೆ. ರಬ್ಬರ್ ಹಾಲಿನಿಂದ ಮಾಡಿದ್ದು, ತೂತುಗಳಿರುತ್ತವೆ, ಪುಟಿಯುವ ಗುಣ ಇದೆ, ಹೊರಳೋದು ಸುಲಭ. ಬೆಲೆ ಮಾತ್ರ ಜಾಸ್ತಿ, ತೂಕವೂ ಜಾಸ್ತಿ, ಕೆಲವರಿಗೆ ರಬ್ಬರ್ ಅಲರ್ಜಿ ಇರುತ್ತದೆ. ಬಜೆಟ್ ಕಡಿಮೆ ಅಂದರೆ ಹೊಸ ನಾರಿನ ಹಾಸಿಗೆ, ಮೇಲೆ ಒಂದೆರಡು ಇಂಚು ಮಾಮೂಲಿ ಫೋಮು ಕೂಡಿಸಿದ್ದು ಸಾಕು, ಅದರಲ್ಲಿ ತಪ್ಪೇನೂ ಇಲ್ಲ.

ಇಲ್ಲ, ಮೆಮೊರಿ ಫೋಮೇ ಬೇಕು ಅಂತ ಮಗಳು ಹಟ ಹಿಡಿದರೆ, ಎರಡು ಪ್ರಶ್ನೆ ಕೇಳಿಸಿ. ಎಂಟು ಇಂಚಿನ ಹಾಸಿಗೆಯಲ್ಲಿ ಮೆಮೊರಿ ಫೋಮ್ ಎಷ್ಟು ಇಂಚು? ಹೆಚ್ಚಿನವಲ್ಲಿ ಮೇಲಿನ ಒಂದು, ಎರಡು ಇಂಚು ಮಾತ್ರ ಅದು, ಕೆಳಗೆ ಇರೋದೆಲ್ಲ ಬೇರೆ ಫೋಮು. ಅದು ಮೋಸವಲ್ಲ, ಪೂರ್ತಿ ಮೆಮೊರಿ ಫೋಮ್ ಆದರೆ ಮಲಗಲೂ ಆಗದು. ಆದರೆ ಬೆಲೆ ಕೊಡುವಾಗ ಯಾವುದಕ್ಕೆ ಕೊಡುತ್ತಿದ್ದೇವೆ ಅಂತ ಗೊತ್ತಿರಬೇಕು. ಎರಡನೇ ಪ್ರಶ್ನೆ, ಡೆನ್ಸಿಟಿ ಎಷ್ಟು? ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಅನ್ನೋ ಲೆಕ್ಕ ಅದು. ಮೆಮೊರಿ ಪದರ 50 ಇದ್ದರೆ ಒಳ್ಳೆಯದು, 40ಕ್ಕಿಂತ ಕೆಳಗಿದ್ದರೆ ಬೇಗ ಸತ್ತುಹೋಗುತ್ತದೆ. ತಳದ ಫೋಮು 30ರ ಮೇಲಿರಲಿ. ಡೆನ್ಸಿಟಿ ಜಾಸ್ತಿ ಅಂದರೆ ಗಟ್ಟಿ ಅಂತಲ್ಲ, ಬಾಳಿಕೆ ಜಾಸ್ತಿ ಅಂತ. ಈ ಎರಡಕ್ಕೂ ಉತ್ತರ ಕೊಡದವರ ಹತ್ತಿರ ತಗೊಳ್ಳಬೇಡಿ. ಆರ್ಥೋಪೆಡಿಕ್ ಅಂತ ಬರೆದಿರುತ್ತದಲ್ಲ, ಅದನ್ನು ನೋಡಿ ಮರುಳಾಗಬೇಡಿ, ಅದು ಕಂಪನಿಯವರು ತಾವೇ ಹಾಕಿಕೊಳ್ಳುವ ಹೆಸರು, ಮೂಳೆ ಡಾಕ್ಟರು ಕೊಟ್ಟ ಸರ್ಟಿಫಿಕೇಟ್ ಅಲ್ಲ.

ಅತ್ತೆಯವರ ವಿಷಯ ಬೇರೆ. 78ರ ವಯಸ್ಸಿನಲ್ಲಿ ಮುಖ್ಯವಾದ್ದು ಸುಲಭವಾಗಿ ಹೊರಳೋದು, ಕೈ ಊರಿ ಏಳೋದು. ಮೆಮೊರಿ ಫೋಮಿನಲ್ಲಿ ಊರಿದ ಕೈಯೇ ಹೂತುಹೋಗುತ್ತದೆ. ರಾತ್ರಿ ಬಚ್ಚಲಿಗೆ ಹೋಗಲು ಅವಸರದಲ್ಲಿ ಮಂಚದ ಅಂಚಿಗೆ ಬಂದು ಕೂತಾಗ ಅಂಚು ಕುಸಿದರೆ ಜಾರಿ ಬೀಳುವ ಭಯ. ಹಳೇ ಮಂಚದ ಮೇಲೆ ಎಂಟು ಇಂಚಿನ ಹಾಸಿಗೆ ಹಾಕಿದರೆ ಎತ್ತರವೂ ಜಾಸ್ತಿಯಾಗಿ ಕಾಲು ನೆಲಕ್ಕೆ ತಾಗದಿರಬಹುದು. ಮಂಡಿನೋವಿನವರಿಗೆ ಮಂಚ ತೀರಾ ತಗ್ಗಿದ್ದರೂ ಏಳೋದು ಕಷ್ಟ, ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಿ, ಮಂಡಿ ಸೊಂಟಕ್ಕಿಂತ ಸ್ವಲ್ಪ ತಗ್ಗಿರಬೇಕು. ಅವರಿಗೆ ಅಂಚು ಗಟ್ಟಿ ಇರುವ ನಾರಿನ ಹಾಸಿಗೆಯೇ ಇರಲಿ, ಮಂಚಕ್ಕೆ ಹಿಡಿದು ಏಳಲು ಒಂದು ಕಂಬಿ ಹಾಕಿಸಿ. ಆ ಕಂಬಿಗೆ ಹಾಕಿದ ದುಡ್ಡು ಹಾಸಿಗೆಗೆ ಹಾಕಿದ್ದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಆಸ್ಪತ್ರೆಗಳಲ್ಲಿ ಈ ಫೋಮು ಬಳಸುತ್ತಾರಲ್ಲ ಅಂತ ಮಗಳು ಕೇಳಬಹುದು. ಹೌದು, ಮೇಲೇಳಲಾಗದವರಿಗೆ ಮಲಗಿ ಮಲಗಿ ಹುಣ್ಣಾಗದಿರಲಿ ಅಂತ. ನಿಮ್ಮ ಅತ್ತೆ ಓಡಾಡುತ್ತಿದ್ದಾರೆ, ಓಡಾಡುತ್ತಲೇ ಇರಲಿ.

ಮಗುವಿಗೆ ಯಾಕೆ ಬೇಡ ಅಂದೆ? ಒಂದು ವರ್ಷ ತುಂಬದ ಕೂಸು ಮಗುಚಿ ಬಿದ್ದಾಗ ಮುಖ ಮೆತ್ತನೆಯ ಫೋಮಿಗೆ ಹೂತು ಉಸಿರುಗಟ್ಟಬಹುದು, ಎಳೆಯ ಕೂಸಿಗೆ ತಲೆ ಎತ್ತಿ ಮುಖ ಬಿಡಿಸಿಕೊಳ್ಳುವಷ್ಟು ಶಕ್ತಿ ಇರುವುದಿಲ್ಲ. ಮಗುವನ್ನು ಸಮತಟ್ಟಾದ ಗಟ್ಟಿ ಹಾಸಿನ ಮೇಲೆ, ಅಂಗಾತ, ದಿಂಬು ದಪ್ಪ ಹೊದಿಕೆ ಇಲ್ಲದೆ, ಬಾಣಂತಿಯ ಕೋಣೆಯಲ್ಲೇ ಆದರೆ ಬೇರೆಯಾಗಿ ಮಲಗಿಸಬೇಕು. ಹಗಲು ಐದು ನಿಮಿಷಕ್ಕೂ ಮೆಮೊರಿ ಫೋಮಿನ ಮೇಲೆ ಬಿಟ್ಟು ಹೋಗಬೇಡಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಕೆಮಿಕಲ್ ವಿಷಯ. ಹೊಸ ಹಾಸಿಗೆಯ ಪ್ಯಾಕು ಬಿಚ್ಚಿದಾಗ ವಾಸನೆ ಬರುತ್ತದೆ, ಅದು ಫೋಮಿನಿಂದ ಹೊರಬರುವ ಆವಿ. ಕೆಲವರಿಗೆ ತಲೆನೋವು, ಗಂಟಲು ಕೆರೆತ ಆಗುತ್ತದೆ, ಉಬ್ಬಸ ಇರುವವರು ಎಚ್ಚರ ಇರಬೇಕು. ಕಿಟಕಿ ತೆರೆದ ಕೋಣೆಯಲ್ಲಿ ಮೂರು ನಾಲ್ಕು ದಿನ ಸುಮ್ನೆ ಬಿಟ್ಟರೆ ಹೆಚ್ಚಿನಂಶ ಹೋಗುತ್ತದೆ. ಅದರ ಮೇಲೆ ಮಲಗಿದರೆ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಸರ್ಟಿಪುರ್ ಅಥವಾ ಓಯೆಕೋ ಟೆಕ್ಸ್ ಮುದ್ರೆ ಇದ್ದರೆ ಕೆಲವು ಹಾನಿಕರ ರಾಸಾಯನಿಕಗಳಿಗೆ ಪರೀಕ್ಷೆ ಆಗಿದೆ ಅಂತ ಅರ್ಥ. ನಾನು ಜಾಸ್ತಿ ಹೆದರೋದು ಬೆಂಕಿಗೆ. ಪಾಲಿಯುರೆಥೇನ್ ಬೇಗ ಹತ್ತಿಕೊಳ್ಳುತ್ತದೆ, ಹೊಗೆ ವಿಷ. ಮಂಚದ ಪಕ್ಕ ಸೊಳ್ಳೆ ಬತ್ತಿ, ಕರೆಂಟು ಹೋದಾಗ ಮೇಣದಬತ್ತಿ, ಬಾಣಂತಿಗೆ ಅಂತ ಕೆಂಡದ ಅಗ್ಗಿಷ್ಟಿಕೆ ಇಡುವ ಅಭ್ಯಾಸ ಇದ್ದರೆ ದೂರ ಇಡಿ.

ಮತ್ತೊಂದು, ನಾವು ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಲ್ಲಿ ಬಡಿದು ಬೆಳೆದವರು. ಫೋಮಿಗೆ ಅದು ಆಗದು. ನೇರ ಬಿಸಿಲು ತಾಗಿದರೆ ಹಳದಿಯಾಗಿ ಪುಡಿ ಉದುರುತ್ತದೆ. ನೆರಳಲ್ಲಿ ಗಾಳಿಗೆ ನಿಲ್ಲಿಸಿ, ಒದ್ದೆ ಮಾಡಬೇಡಿ. ಮಳೆಗಾಲದಲ್ಲಿ ಪ್ಲೈವುಡ್ ಹಲಗೆಗೂ ಹಾಸಿಗೆಗೂ ನಡುವೆ ಬೂಸ್ಟು ಹಿಡಿಯುತ್ತದೆ, ವಾರಕ್ಕೊಮ್ಮೆ ಎತ್ತಿ ಗೋಡೆಗೆ ಒರಗಿಸಿ ಗಾಳಿ ಆಡಿಸಿ.

ಆನ್‌ಲೈನಿನಲ್ಲಿ ಮಾರುವ ಎಷ್ಟೋ ಕಂಪನಿಗಳು 100 ರಾತ್ರಿ ಮಲಗಿ ನೋಡಿ, ಬೇಡವಾದರೆ ವಾಪಸ್ ಕೊಡಿ ಅನ್ನುತ್ತವೆ. ನೀವು ಕೊನೆಗೂ ಆರ್ಡರ್ ಮಾಡುವುದಾದರೆ ಮಾರ್ಚ್ ಮೊದಲ ವಾರದಲ್ಲಿ ಮಾಡಿಸಿ, ಆಗ ಆ ನೂರು ರಾತ್ರಿಯಲ್ಲಿ ಏಪ್ರಿಲ್, ಮೇ ಸೆಕೆ ಪೂರ್ತಿ ಬರುತ್ತದೆ, ಮಳೆ ಶುರುವಾದ ಮೇಲೂ ಕೆಲವು ದಿನ ಸಿಗುತ್ತವೆ. ಮೊದಲ ಎರಡು ಮೂರು ವಾರ ಹೊಸ ಹಾಸಿಗೆಗೆ ಮೈ ಒಗ್ಗಲು ಬೇಕು, ಅಷ್ಟರಲ್ಲೇ ತೀರ್ಮಾನ ಮಾಡಬೇಡಿ. ದುಡ್ಡು ಕಟ್ಟುವ ಮೊದಲು ನಿಮ್ಮ ಪಿನ್‌ಕೋಡಿಗೆ ವಾಪಸ್ ಒಯ್ಯಲು ಬರುತ್ತಾರಾ, ಒಯ್ಯುವ ಖರ್ಚು ಯಾರದು, ಕಲೆ ಬಿದ್ದರೆ ತಗೊಳ್ಳುತ್ತಾರಾ ಅಂತ ಮಗಳು ಫೋನಿನಲ್ಲಿ ಕೇಳದೆ ಲಿಖಿತದಲ್ಲಿ ತರಿಸಿಕೊಳ್ಳಲಿ. ಕವರ್ ಹಾಕದೆ ಒಂದು ರಾತ್ರಿಯೂ ಮಲಗಬೇಡಿ.